ಸೂಜಿಗೆ ಹೇಳಿದ ಹೂಂ

ಹತ್ತಿಯ ಹಾಸಿಗೆಯನ್ನು ಒಬ್ಬರೇ ಹೊಲಿಯಲಾಗುವುದಿಲ್ಲ. ಹೊಲಿಯುತ್ತೇವೆ ಎಂದು ಹೊರಟವರಿದ್ದಾರೆ, ಇಲ್ಲವೆನ್ನುವುದಿಲ್ಲ. ಅವರು ಹೊಲಿದ ಹಾಸಿಗೆಯ ಮೇಲೆ ಮಲಗಿದವರನ್ನು ಒಮ್ಮೆ ವಿಚಾರಿಸಿ ನೋಡಿ, ಬಾಯಿ ತೆರೆಯುವ ಮೊದಲು ಸೊಂಟ ಹಿಡಿದುಕೊಳ್ಳುತ್ತಾರೆ. ಎದೆಯೆತ್ತರದ ಮರದ ಚೌಕಟ್ಟು, ಅದರ ನಡುವೆ ಹಗ್ಗದ ಹೆಣಿಗೆ, ಅದರ ಮೇಲೆ ಹತ್ತಿ ತುಂಬಿದ ಗವಸು. ಒಬ್ಬರು ಪಕ್ಕದಲ್ಲಿ ನಿಂತು ಮೊಳದುದ್ದದ ದಪ್ಪ ಸೂಜಿಯನ್ನು, ದಬ್ಬಳವನ್ನು, ಮೇಲಿನಿಂದ ನೆಟ್ಟಗೆ ಕೆಳಕ್ಕೆ ಚುಚ್ಚಬೇಕು. ಇನ್ನೊಬ್ಬರು ಚೌಕಟ್ಟಿನ ಕೆಳಗೆ ಗಿಡ್ಡ ಸ್ಟೂಲಿನ ಮೇಲೆ ಕೂತು, ಹತ್ತಿ ದಾಟಿ ಬಂದ ಮೊನೆಯನ್ನು ಹಿಡಿದೆಳೆದು, ಎರಡು ಬೆರಳು ಪಕ್ಕಕ್ಕೆ ಸರಿಸಿ, ತಿರುಗಿ ಮೇಲಕ್ಕೆ ಕಳಿಸಬೇಕು. ಮೇಲಿನವರು ದಾರ ಬಿಗಿದು ಕಟ್ಟಿದರೆ ಅಲ್ಲಿಗೆ ಒಂದು ಗಂಟು. ಇಬ್ಬರು ಮಲಗುವ ಹಾಸಿಗೆಗೆ ಇಂಥವು ಎಂಬತ್ತು.

ದಬ್ಬಳಪ್ಪ ಮೂವತ್ತಮೂರು ವರ್ಷದಿಂದ ಮೇಲಿನವನು, ಅವನ ಹೆಂಡತಿ ಕೆಳಗಿನವಳು. ದಬ್ಬಳಪ್ಪ ಅನ್ನುವುದು ಬೀದಿಯವರು ಇಟ್ಟ ಹೆಸರು. ಆಳು ತೆಳ್ಳಗೆ, ಉದ್ದಕ್ಕೆ, ಮಾತು ಚುಚ್ಚುವಂಥದ್ದು, ಹೆಸರಿಡುವವರು ಹೆಚ್ಚು ತಲೆ ಕೆರೆದುಕೊಳ್ಳಬೇಕಾಗಿರಲಿಲ್ಲ. ಮದುವೆಯಾದ ಹೊಸತರಲ್ಲಿ ಒಂದು ದಿನ, ಹೆಂಡತಿ ಮೊನೆ ಹಿಡಿದಾಗಿದೆ ಎಂದು ತಿಳಿಯದೆ ಇವನು ಮೇಲಿನಿಂದ ಇನ್ನಷ್ಟು ಒತ್ತಿದ. ದಬ್ಬಳ ಅವಳ ಅಂಗೈ ಹೊಕ್ಕಿತು. ಅಂದಿನಿಂದ ಒಂದು ಕಟ್ಟಳೆ: ಮೊನೆ ಕೈಗೆ ಸಿಕ್ಕ ಕೂಡಲೇ ಅವಳು "ಹೂಂ" ಅನ್ನಬೇಕು, ಇವನು ಕೈ ಬಿಡಬೇಕು. ಮೇಲೆ ಬಂದ ಮೊನೆ ಸಿಕ್ಕರೆ ಇವನು "ಹೂಂ" ಅನ್ನಬೇಕು, ಅವಳು ಬಿಡಬೇಕು. ಎಂಬತ್ತು ಗಂಟಿಗೆ ನೂರ ಅರವತ್ತು ಹೂಂ. ಬೆಳಗಿನಿಂದ ಸಂಜೆಯವರೆಗೆ ಆ ಅಂಗಡಿಯ ಮುಂದೆ ಹಾದುಹೋದವರಿಗೆ ಕೇಳಿಸುವುದು ಇದೊಂದೇ. ಹೊಸಬರು ನಿಂತು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದರು: ಉದ್ದನೆಯ ಮನುಷ್ಯನೊಬ್ಬ ಹಾಸಿಗೆಯ ಜೊತೆ ಮಾತಾಡುತ್ತಿದ್ದಾನೆ, ಹಾಸಿಗೆ ಎಲ್ಲದಕ್ಕೂ ಒಪ್ಪುತ್ತಿದೆ.

ಇಷ್ಟು ಒಮ್ಮತದ ಸಂಸಾರ ಸುತ್ತಮುತ್ತ ಇನ್ನೊಂದಿಲ್ಲ ಎಂದು ದಬ್ಬಳಪ್ಪ ಎದೆಯುಬ್ಬಿಸಿಕೊಂಡು ಹೇಳುತ್ತಿದ್ದ. ಮನೆಯಲ್ಲೂ ಅದೇ ಅಭ್ಯಾಸ. ನಲ್ಲಿ ಸೋರ್ತಿದೆಯಾ ಅಂದರೆ ಹೂಂ, ನಾಳೆ ಅಕ್ಕ ಬರ್ತಾಳೆ ಅಂದರೆ ಹೂಂ, ಈ ಅಂಗಿ ನನಗೆ ಒಪ್ಪುತ್ತಾ ಅಂದರೆ ಅಂಗಿಯ ಕಡೆ ನೋಡದೆಯೇ ಹೂಂ. ಅವಳು ಮಾತು ಬಾರದವಳೇನಲ್ಲ. ಪಕ್ಕದ ಕನ್ನಡಕದ ಅಂಗಡಿಯವಳ ಜೊತೆ ಕೂತರೆ ಇಬ್ಬರನ್ನೂ ಎಬ್ಬಿಸಲು ಜನ ಬೇಕಾಗುತ್ತಿತ್ತು. ಗಂಡನ ಪಾಲಿಗೆ ಮಾತ್ರ ಆ ಒಂದಕ್ಷರ.

ಮಗಳಿಗೆ ಇದನ್ನು ಕೇಳಿದರೆ ಮೈ ಉರಿಯುತ್ತಿತ್ತು. ಅವಳಿಗೆ ಮೂವತ್ತೆರಡು. ಡ್ರೈವಿಂಗ್ ಸ್ಕೂಲಿನಲ್ಲಿ ಕಾರು ಕಲಿಸುತ್ತಾಳೆ, ಎರಡು ಬೀದಿಯಾಚೆ ಸ್ವಂತಕ್ಕೊಂದು ಕೋಣೆ ಮಾಡಿಕೊಂಡಿದ್ದಾಳೆ, ಭಾನುವಾರ ಅಪ್ಪ-ಅಮ್ಮನ ಮನೆಗೆ ಬರುತ್ತಾಳೆ. ಅವಳ ಕಾರಿನಲ್ಲಿ ಅವಳ ಕಾಲ ಬುಡದಲ್ಲೂ ಒಂದು ಬ್ರೇಕ್ ಇದೆ. ಕಲಿಯುವವರು ಕಂಬಕ್ಕೋ ಮನುಷ್ಯರಿಗೋ ಗುರಿಯಿಟ್ಟರೆ ಇವಳು ಅದನ್ನು ಒತ್ತುತ್ತಾಳೆ. ಮದುವೆಯ ಮಾತೆತ್ತಿದವರಿಗೆ ಅವಳ ಉತ್ತರ ಸಿದ್ಧವಿರುತ್ತಿತ್ತು. ಹಿಂದೆ ಹೆಣ್ಣಿಗೆ ಸೂರು ಬೇಕಿತ್ತು, ಗಂಡಿಗೆ ಬೇಯಿಸಿ ಹಾಕುವವರು ಬೇಕಿತ್ತು. ಈಗ ಸೂರು ಬಾಡಿಗೆಗೆ ಸಿಗುತ್ತದೆ, ಊಟ ಬಾಗಿಲಿಗೆ ಬರುತ್ತದೆ, ಬಟ್ಟೆಯನ್ನು ಮೆಷಿನ್ನು ಒಗೆಯುತ್ತದೆ. ಇನ್ನು ಮದುವೆ ಯಾವ ಕೆಲಸಕ್ಕೆ? "ನನ್ನ ಕಡೇನೂ ಒಂದು ಬ್ರೇಕ್ ಇರೋ ಮದುವೆ ಇದ್ರೆ ಹೇಳಿ, ಹತ್ತಿ ಕೂತ್ಕೋತೀನಿ" ಅನ್ನುತ್ತಿದ್ದಳು. ಕೇಳಿದವರು ಕೆಮ್ಮಿ ಬೇರೆ ವಿಷಯಕ್ಕೆ ಹೋಗುತ್ತಿದ್ದರು.

ದಬ್ಬಳಪ್ಪನಿಗೆ ಅದೊಂದೇ ಕೊರಗು. ಒಬ್ಬರೇ ಹೊಲಿದ ಹಾಸಿಗೆ ಎಂಥದ್ದಾಗುತ್ತದೆ ಎಂದು ಬಲ್ಲವನು ಅವನು. ಮಗಳು ಒಬ್ಬಳೇ ಬಾಳುವುದನ್ನು ನೆನೆದರೆ ಅವನ ಕೈ ತಾನಾಗಿ ಸೊಂಟಕ್ಕೆ ಹೋಗುತ್ತಿತ್ತು. ಇದಕ್ಕೆ ಗಾಳಿ ಹಾಕಲು ಅವನ ಅಕ್ಕ ಬೇರೆ ಇದ್ದಳು. ಈ ಅಕ್ಕ ಹದಿನಾಲ್ಕು ಮದುವೆ ಕುದುರಿಸಿದವಳು, ಮೊದಲನೆಯದೇ ತಮ್ಮನದು. ಹದಿನೈದನೆಯದು ಸೋದರಸೊಸೆಯದಾಗಬೇಕು ಎಂದು ಎಂಟು ವರ್ಷದಿಂದ ಕೈ ತೊಳೆದುಕೊಂಡು ಹಿಂದೆ ಬಿದ್ದಿದ್ದಳು.

ಇನ್ನು ಎದುರು ಅಂಗಡಿಯವನ ಸಂಗತಿ. ಆರು ವರ್ಷದ ಹಿಂದೆ ರಸ್ತೆಯ ಆ ಬದಿಗೆ ಫೋಮ್ ಹಾಸಿಗೆಯ ಅಂಗಡಿ ತೆರೆದವನು. ದಬ್ಬಳಪ್ಪ ಅವನನ್ನು ಕರೆಯುವುದೇ ಫೋಮಿನವನು ಎಂದು. ಮೂವತ್ತೈದರ ಆಸುಪಾಸು, ಮೆತ್ತಗಿನ ಮಾತು. ಗಿರಾಕಿ ಬಂದರೆ ಹಾಸಿಗೆಯ ಒಂದು ಬದಿಯಲ್ಲಿ ತುಂಬಿದ ನೀರಿನ ಲೋಟ ಇಟ್ಟು, ಇನ್ನೊಂದು ಬದಿಯಲ್ಲಿ ತಾನು ಧೊಪ್ಪನೆ ಬಿದ್ದು ತೋರಿಸುತ್ತಿದ್ದ. ನೀರು ತುಳುಕುತ್ತಿರಲಿಲ್ಲ. ಗಂಡ ಹೊರಳಿದರೆ ಹೆಂಡತಿಗೆ ಗೊತ್ತಾಗಲ್ಲ, ಹೆಂಡತಿ ಎದ್ದುಹೋದರೆ ಗಂಡನಿಗೆ ಗೊತ್ತಾಗಲ್ಲ, ಅಷ್ಟು ಒಳ್ಳೆಯ ಮಾಲು ಅನ್ನುತ್ತಿದ್ದ. ದಬ್ಬಳಪ್ಪನಿಗೆ ನೆತ್ತಿಗೇರುತ್ತಿದ್ದುದು ಇದೇ. "ಪಕ್ಕದಲ್ಲಿರೋರು ಎದ್ದುಹೋದ್ರೆ ಗೊತ್ತಾಗಬೇಕಪ್ಪಾ. ಗೊತ್ತಾಗಲ್ಲ ಅನ್ನೋದು ಒಂದು ಹೆಗ್ಗಳಿಕೇನಾ?" ಎಂದು ರಸ್ತೆಗೆ ಕೇಳುವಂತೆ ಗೊಣಗುತ್ತಿದ್ದ.

ಇಂಥ ಫೋಮಿನವನು ಒಂದು ಮಧ್ಯಾಹ್ನ ಸುತ್ತಮುತ್ತ ನೋಡಿ, ತನ್ನ ಅಜ್ಜಿಯ ಕಾಲದ ಹತ್ತಿಯ ಹಾಸಿಗೆಯೊಂದನ್ನು ಹೆಗಲ ಮೇಲೆ ಹೊತ್ತು ರಸ್ತೆ ದಾಟಿ ಬಂದ. ಹತ್ತಿ ಗಂಟುಗಂಟಾಗಿದೆ, ಬಿಚ್ಚಿ, ಹಿಂಜಿ, ಹೊಸದಾಗಿ ಹೊಲಿದು ಕೊಡಬೇಕು ಎಂದು ಪಿಸುದನಿಯಲ್ಲಿ ಹೇಳಿದ. ಯಾರು ಮಲಗಲು ಎಂದರೆ ತಲೆ ತಗ್ಗಿಸಿದ. ಫೋಮಿನ ಮೇಲೆ ಅವನಿಗೆ ನಿದ್ದೆ ಬರುವುದಿಲ್ಲವಂತೆ, ಬೆನ್ನು ಹಿಡಿದುಕೊಳ್ಳುತ್ತದಂತೆ. ದಬ್ಬಳಪ್ಪ ಆ ಕ್ಷಣವೇ ಅವನಿಗೆ ಮನಸೋತ. ಒಂದು ವಾರ ಅವನ ಚುಚ್ಚುಮಾತು ನಿಂತೇಹೋಯಿತು; ಬೀದಿಯವರು ಹುಷಾರಿಲ್ಲವೇನೋ ಅಂದುಕೊಂಡರು.

ಫೋಮಿನವನು ಅಲ್ಲಿಗೆ ಬಂದದ್ದು ಬರೀ ಬೆನ್ನಿನ ಸಲುವಾಗಿಯೇ ಎಂದರೆ ನಾನು ನಂಬುವವನಲ್ಲ. ಅವನು ಮಗಳ ಹತ್ತಿರ ಕಾರು ಕಲಿತವನು. ಮೂರು ಸಲ ಪರೀಕ್ಷೆಗೆ ಹೋಗಿ ಮೂರು ಸಲವೂ ಫೇಲಾಗಿದ್ದ. ಹಿಂದಕ್ಕೆ ತೆಗೆದುಕೊಳ್ಳುವಾಗ ಕನ್ನಡಿ ನೋಡು ಎಂದರೆ, ಕನ್ನಡಿಯಲ್ಲಿ ಕಾಣುತ್ತಿದ್ದ ಮೇಡಂ ಮುಖವನ್ನೇ ನೋಡಿ ಕಸದ ಡಬ್ಬಿಗೆ ಗುದ್ದುತ್ತಿದ್ದ. ಅವಳು ತನ್ನ ಬ್ರೇಕನ್ನು ಅವನ ಸಲುವಾಗಿ ಒತ್ತಿದಷ್ಟು ಇನ್ಯಾರ ಸಲುವಾಗಿಯೂ ಒತ್ತಿರಲಿಲ್ಲ. ಆದರೂ ನಾಲ್ಕನೆಯ ಸಲ ಫೀಸು ಕಟ್ಟಲು ಬಂದವನನ್ನು ಬೇಡವೆಂದು ಕಳಿಸದೆ ಸೇರಿಸಿಕೊಂಡಿದ್ದಳು. ಯಾಕೆ ಎಂದು ಅವಳೂ ಯೋಚಿಸಿರಲಿಲ್ಲ.

ಅವನ ಹಾಸಿಗೆ ಹೊಲಿಗೆಗೆ ಬರುವ ಹೊತ್ತಿಗೆ ದಬ್ಬಳಪ್ಪನ ಹೆಂಡತಿಯ ಮಂಡಿ ಕೈಕೊಟ್ಟಿತು. ಗಿಡ್ಡ ಸ್ಟೂಲಿನಿಂದ ಏಳಬೇಕಾದರೆ ಚೌಕಟ್ಟಿನ ಕಾಲು ಹಿಡಿದು, ಹಲ್ಲು ಕಚ್ಚಿ, ಎರಡು ಸಲ ಪ್ರಯತ್ನ ಮಾಡಬೇಕು. ಡಾಕ್ಟರು ಕೆಳಗೆ ಕೂರಲೇಬೇಡಿ ಅಂದರು. ಆ ಭಾನುವಾರ ಅವಳ ಜಾಗದಲ್ಲಿ ಮಗಳು ಕೂತಳು. ಕೆಳಗೆ ಕೂತವರ ಮೇಲೆ ಹತ್ತಿಯ ಧೂಳು ಉದುರುತ್ತಲೇ ಇರುತ್ತದೆ. ಅಮ್ಮ ತಲೆಗೆ ಬಟ್ಟೆ ಕಟ್ಟಿಕೊಳ್ಳುತ್ತಿದ್ದಳು. ಮಗಳಿಗೆ ಸೆಕೆ ತಡೆಯದು, ಅವಳು ಎರಡು ಕಿವಿಗೂ ಹತ್ತಿ ತುರುಕಿಕೊಂಡಳು. ಮೊನೆ ಕೈಗೆ ಸಿಕ್ಕರೆ ಹೂಂ ಅನ್ನುವುದಕ್ಕೆ, ಮೇಲಿನಿಂದ ಎಳೆದರೆ ಬಿಡುವುದಕ್ಕೆ ಕಿವಿ ಯಾಕೆ ಬೇಕು?

ಹಾಸಿಗೆಯ ಯಜಮಾನನೂ ನೋಡಲು ಬಂದಿದ್ದ. ಅರ್ಧ ಹೊಲಿಗೆಯಾಗುವಾಗ ದಾರ ಮುಗಿಯುತ್ತ ಬಂತು. ದಬ್ಬಳಪ್ಪ ಉಳಿದ ತುಂಡನ್ನೇ ಪೋಣಿಸಿ ದಬ್ಬಳವನ್ನು ಅವನ ಕೈಗಿತ್ತು, ನಾನು ಬರುವಷ್ಟರಲ್ಲಿ ನಾಲ್ಕು ಗಂಟು ಹಾಕಿರು ಎಂದು ಒಳಕೋಣೆಗೆ ಹೋದ. ಒಳಗೆ ಅಕ್ಕ ಚಹಾ ಕುಡಿಯುತ್ತಿದ್ದಳು.

ಫೋಮಿನವನಿಗೆ ಇಂಥ ಅವಕಾಶ ಜನ್ಮದಲ್ಲಿ ಸಿಕ್ಕಿರಲಿಲ್ಲ. ಮೇಡಂ ಇದ್ದಾಳೆ, ಆದರೆ ಅವಳ ಮುಖ ಕಾಣುವುದಿಲ್ಲ; ಅವನಿಗೆ ನಾಲಿಗೆ ಕಟ್ಟುತ್ತಿದ್ದುದೇ ಆ ಮುಖ ಕಂಡಾಗ. ಅವನು ದಬ್ಬಳ ಇಳಿಸಿದ.

"ಮೇಡಂ, ಒಂದು ಮಾತು ಕೇಳ್ಬೇಕಿತ್ತು."

"ಹೂಂ" ಎಂದಿತು ಹಾಸಿಗೆ.

ದಬ್ಬಳ ಮೇಲೆ ಬಂತು. ಕಟ್ಟಿದ. ಮತ್ತೆ ಇಳಿಸಿದ. "ನಿಮಗೆ ಮದುವೆ ಅಂದ್ರೆ ಆಗಲ್ಲ ಅಂತ ಗೊತ್ತು."

"ಹೂಂ."

ಮೂರನೆಯ ಸಲ ದಬ್ಬಳ ಓರೆಯಾಗಿ ಹೋಯಿತು. "ಆದ್ರೂ ನಾನು ಕೇಳಿದ್ರೆ... ನನ್ನ ಮದುವೆ ಆಗ್ತೀರಾ?"

ಓರೆಯಾಗಿ ಬಂದ ಮೊನೆಯನ್ನು ಹುಡುಕಿ ಹಿಡಿಯಲು ಮಗಳಿಗೆ ತುಸು ತಡವಾಯಿತು. ಆಮೇಲೆ ಹಿಂದಿನೆರಡಕ್ಕಿಂತ ಗಟ್ಟಿಯಾಗಿ, ಸಮಾಧಾನವಾಗಿ ಕೇಳಿಸಿತು: "ಹೂಂ."

ಒಳಕೋಣೆಯ ಬಾಗಿಲಲ್ಲಿ ದಾರದ ಉಂಡೆ ಹಿಡಿದು ನಿಂತಿದ್ದ ದಬ್ಬಳಪ್ಪನಿಗೂ ಕೇಳಿಸಿತು, ಅವನ ಬೆನ್ನ ಹಿಂದಿದ್ದ ಅಕ್ಕನಿಗೂ ಕೇಳಿಸಿತು. ಅಕ್ಕ ಚಹಾದ ಲೋಟವನ್ನು ಕಿಟಕಿಯಲ್ಲಿಟ್ಟು ಫೋನು ಕೈಗೆತ್ತಿಕೊಂಡಳು. ಇತ್ತ ದಾರ ಬಿಗಿಯಾಗಿ ನಿಂತೇ ಇರುವುದನ್ನು ಕಂಡು ಮಗಳು ಕೆಳಗಿನಿಂದ ಎರಡು ಸಲ ಜಗ್ಗಿದಳು. ಮೇಲೆ ಜೀವ ಇರುವ ಸುಳಿವಿಲ್ಲ. ಕೊನೆಗೆ ತೆವಳಿಕೊಂಡು ಹೊರಬಂದು ನೋಡಿದರೆ ಎಲ್ಲರೂ ಹಲ್ಲು ಕಿರಿಯುತ್ತಿದ್ದಾರೆ. ಅಷ್ಟರಲ್ಲಿ ಅಕ್ಕ ಏಳು ಮನೆಗೆ ಸುದ್ದಿ ಮುಟ್ಟಿಸಿ ಎಂಟನೆಯ ನಂಬರು ಹುಡುಕುತ್ತಿದ್ದಳು.

ವಿಷಯ ತಿಳಿಯಲು ಮಗಳು ಮೊದಲು ಕಿವಿಯ ಹತ್ತಿ ತೆಗೆಯಬೇಕಾಯಿತು. ಅದನ್ನು ತೆಗೆದದ್ದನ್ನು ಕಂಡು ಫೋಮಿನವನ ಮುಖ ಸಪ್ಪಗಾಯಿತು. ಅವನಿಗೆ ಅಲ್ಲಿಗೇ ಅರ್ಥವಾಗಿತ್ತು. ದಬ್ಬಳಪ್ಪನಿಗೆ ಅರ್ಥ ಮಾಡಿಕೊಳ್ಳುವ ಮನಸ್ಸೇ ಇರಲಿಲ್ಲ. ಹೂಂ ಅಂದರೆ ಹೂಂ, ಮೂವತ್ತಮೂರು ವರ್ಷದಿಂದ ಈ ಅಂಗಡಿಯಲ್ಲಿ ಆ ಮಾತಿಗೆ ಎರಡನೆಯ ಅರ್ಥ ಇರಲಿಲ್ಲ ಎಂದು ವಾದಕ್ಕೆ ನಿಂತ. ಮಗಳ ಕಣ್ಣು ಕೆಂಪಗಾಯಿತು.

"ಅದು ಸೂಜಿಗೆ ಹೇಳಿದ್ದಪ್ಪಾ. ಮನುಷ್ಯರಿಗಲ್ಲ."

ಅಕ್ಕ, ಸೂಜಿಗೆ ಹೇಳಿದ್ದಾದರೇನು, ಬಾಯಿಂದ ಬಂತಲ್ಲ ಅಂದಳು. ಏಳು ಮನೆಗೆ ತಿಳಿದ ಮೇಲೆ ಇನ್ನು ಹಿಂದೆ ತೆಗೆದುಕೊಳ್ಳುವುದು ಹೇಗೆ ಎಂದೂ ಸೇರಿಸಿದಳು. ಫೋಮಿನವನೇ ಆಗ ನಡುವೆ ಬಾಯಿ ಹಾಕಿದ; ಕೇಳಿಸದೆ ಹೇಳಿದ್ದನ್ನು ತಾನು ಎಣಿಕೆಗೆ ತಗೊಳ್ಳುವುದಿಲ್ಲ, ಕೇಳಿದ ತಪ್ಪು ತನ್ನದು ಎಂದ. ಆ ಮಾತಿಗೆ ಮಗಳು ಅವನತ್ತ ತಿರುಗಿ ನೋಡಿದಳು. ಆಮೇಲೆ ಅಪ್ಪನ ಜೊತೆ ಒಂದು ಪಂದ್ಯ ಕಟ್ಟಿದಳು. ಬರುವ ಭಾನುವಾರದವರೆಗೆ ಟೈಮು. ಈ ಕಾಲದಲ್ಲಿ ಮದುವೆ ಯಾಕಾಗಬೇಕು ಎನ್ನುವುದಕ್ಕೆ ಅಪ್ಪ ಒಂದೇ ಒಂದು ಕಾರಣ ಕೊಡಬೇಕು. ಅದು ತನಗೆ ಒಪ್ಪಿಗೆಯಾದರೆ ಫೋಮಿನವನ ಎದುರು ಕೂತು, ಕಿವಿ ಬಿಚ್ಚಿಟ್ಟುಕೊಂಡು ಉತ್ತರ ಹೇಳುತ್ತಾಳೆ. ಒಪ್ಪಿಗೆಯಾಗದಿದ್ದರೆ ಈ ಮನೆಯಲ್ಲಿ ಮದುವೆಯ ಮಾತನ್ನು ಇನ್ನು ಯಾರೂ ಎತ್ತಕೂಡದು, ಅತ್ತೆಯನ್ನೂ ಸೇರಿಸಿ.

ದಬ್ಬಳಪ್ಪ ಒಂದಲ್ಲ ನೂರು ಕೊಡ್ತೀನಿ ಎಂದು ಜಂಬ ಕೊಚ್ಚಿದ.

ಸೋಮವಾರ ಅವನು ಕೊಟ್ಟ ಮೊದಲ ಕಾರಣ, ಹುಷಾರು ತಪ್ಪಿದರೆ ನೋಡಿಕೊಳ್ಳಲು ಒಬ್ಬರು ಬೇಕು ಎಂಬುದು. ಹೋದ ವರ್ಷ ನಿನಗೆ ಕಾಮಾಲೆಯಾದಾಗ ನೋಡಿಕೊಂಡವಳು ನಾನು, ಅಮ್ಮನಿಗೆ ಅಂಗಡಿ ಬಿಟ್ಟು ಬರಲು ನೀನು ಬಿಡಲಿಲ್ಲ ಎಂದು ಮಗಳು ನೆನಪಿಸಿದಳು. ಮಕ್ಕಳು ಎಂದ, ನನ್ನಂಥದ್ದೇ ಹುಟ್ಟಿದರೆ ಎಂದು ಮಗಳು ತಿರುಗಿ ಕೇಳಿದಳು. ಮಂಗಳವಾರದಿಂದ ಗಿರಾಕಿಗಳನ್ನು ಹಿಡಿದುಕೊಂಡ. ನಿವೃತ್ತ ಪೋಸ್ಟ್‌ಮಾಸ್ಟರೊಬ್ಬರು ದಿಂಬು ಕೊಡಲು ಬಂದವರು ಗಾಢವಾಗಿ ಯೋಚಿಸಿ, ಬೆನ್ನಿನ ನಡುವೆ ಕೈಗೆಟುಕದ ಒಂದು ಜಾಗವಿದೆ, ಅಲ್ಲಿಗೆ ಮುಲಾಮು ಹಚ್ಚಲು ಹೆಂಡತಿ ಬೇಕೇ ಬೇಕು ಎಂದರು. ದಬ್ಬಳಪ್ಪ ಕುಣಿಯುತ್ತ ಮಗಳಿಗೆ ಫೋನು ಮಾಡಿದ. ಅದಕ್ಕೆ ಉದ್ದ ಹಿಡಿಕೆಯ ಬ್ರಷ್ಷು ಬಂದಿದೆ ಅಂದಳು. ಜಗಳವಾಡಲು ಯಾರಾದರೂ ಬೇಡವೇ ಎಂದಳು ಕನ್ನಡಕದ ಅಂಗಡಿಯವಳು. ದಿನಕ್ಕೆ ಎಂಟು ಜನರ ಜೊತೆ ರಸ್ತೆಯ ನಡುವೆ ಜಗಳವಾಡ್ತೀನಿ, ಸಂಬಳಾನೂ ಕೊಡ್ತಾರೆ ಅಂದಳು ಮಗಳು.

ಗುರುವಾರ ಗಂಡ ಹೆಂಡತಿ ಇಬ್ಬರು ಒಂದೇ ಆಟೋದಲ್ಲಿ ಡಬಲ್ ಹಾಸಿಗೆ ತಂದಿಳಿಸಿದರು. ಏಳು ವರ್ಷದ ಹಿಂದೆ ಅವರ ಮದುವೆಗೆಂದು ದಬ್ಬಳಪ್ಪನೇ ಹೊಲಿದದ್ದು. ಇವರನ್ನೇ ಕೇಳಬೇಕು ಎಂದು ಅವನು ಬಾಯಿ ತೆರೆಯುವ ಮೊದಲು ಅವರು, ಇದನ್ನು ನಡುವೆ ಕತ್ತರಿಸಿ ಎರಡು ಸಿಂಗಲ್ ಮಾಡಿ ಅಂದರು. ಬೇರೆಯಾಗಿದ್ದಾರಂತೆ. ಜಗಳವಿಲ್ಲ, ಕೂಗಾಟವಿಲ್ಲ, ಹತ್ತಿ ಸಮನಾಗಿ ಹಂಚಿ ಎಂದಷ್ಟೇ ಹೇಳಿದರು. ದಬ್ಬಳಪ್ಪ ತಡೆಯಲಾರದೆ, ಏನಾಯ್ತಮ್ಮಾ ಎಂದು ಆಕೆಯನ್ನು ಕೇಳಿದ. ಏನೂ ಆಗಲಿಲ್ಲ, ಅದೇ ಬೇಜಾರು ಎಂದಳು ಆಕೆ. ಒಂದು ವರ್ಷದಿಂದ ಇಬ್ಬರೂ ಒಬ್ಬರನ್ನೊಬ್ಬರು ಏನನ್ನೂ ಕೇಳಿರಲಿಲ್ಲವಂತೆ, ಊಟ ಆಯ್ತಾ ಎಂದೂ ಸಹ. ದಬ್ಬಳಪ್ಪ ಕತ್ತರಿ ಹಿಡಿದು ಎಂಬತ್ತು ಗಂಟುಗಳಲ್ಲಿ ನಡುವಿನ ಸಾಲನ್ನು ಒಂದೊಂದಾಗಿ ಕತ್ತರಿಸಿದ. ತಾನೇ ಹಾಕಿದ ಗಂಟುಗಳು. ಅವತ್ತು ಅವನಿಗೆ ಊಟ ಸೇರಲಿಲ್ಲ.

ಶನಿವಾರ ಮಧ್ಯಾಹ್ನ ಅಂಗಡಿಯಲ್ಲಿ ಅವನೂ ಹೆಂಡತಿಯೂ ಇಬ್ಬರೇ. ಅವಳು ಮಂಡಿಗೆ ಪಟ್ಟಿ ಸುತ್ತಿಕೊಂಡು ಕುರ್ಚಿಯ ಮೇಲೆ ಕೂತು ದಿಂಬಿನ ಬಾಯಿ ಹೊಲಿಯುತ್ತಿದ್ದಳು. ದಬ್ಬಳಪ್ಪ ವಾರವೆಲ್ಲ ಊರನ್ನು ಕೇಳಿದ್ದ, ಇವಳನ್ನು ಕೇಳುವುದು ಆಗ ಹೊಳೆಯಿತು.

"ಏ ಇವಳೇ, ನೀನು ಹೇಳು ನೋಡೋಣ. ನನ್ನ ಮದುವೆ ಆಗೋಕೆ ನೀನು ಯಾಕೆ ಒಪ್ಪಿದೆ?"

ಅವಳು ದಾರವನ್ನು ಹಲ್ಲಿನಿಂದ ಕಡಿದಳು. "ನನ್ನನ್ನ ಯಾರು ಕೇಳಿದ್ರು?"

ಅವನಿಗೆ ತಮಾಷೆಯೆನಿಸಿತು. ಅಕ್ಕ ಬಂದು ಕೇಳಿದ್ದಳಲ್ಲ, ನೀನು ಹೂಂ ಅಂದಿದ್ದೆಯಲ್ಲ ಎಂದ. ಅಕ್ಕ ಬಂದು ಕೇಳಿದ್ದು ತನ್ನ ಅಮ್ಮನನ್ನು, ಹೂಂ ಅಂದಿದ್ದು ಅಮ್ಮ, ತಾನು ಆಗ ಹಿತ್ತಿಲಲ್ಲಿ ಬಟ್ಟೆ ಒಗೆಯುತ್ತಿದ್ದೆ ಎಂದು ಅವಳು ಹೇಳಿದಳು. ಕೈ ಒರೆಸಿಕೊಂಡು ಒಳಗೆ ಬಂದಾಗ ಮದುವೆಯ ದಿನವೂ ನಿಶ್ಚಯವಾಗಿತ್ತಂತೆ. ಕೋಪವಿಲ್ಲದೆ, ನಿನ್ನೆ ಮೊನ್ನೆ ಪೇಟೆಗೆ ಹೋಗಿಬಂದ ಸಂಗತಿ ಹೇಳುವಂತೆ ಹೇಳಿದಳು.

"ಅಷ್ಟು ವರ್ಷದಿಂದ ಹೂಂ ಅಂತಿದೀಯಲ್ಲ ಮತ್ತೆ?"

"ಅದೆಲ್ಲ ಸೂಜಿಗೆ ಹೇಳಿದ್ದು" ಎಂದು ಮುಂದಿನ ದಿಂಬು ಎತ್ತಿಕೊಂಡಳು.

ಮಗಳು ಅದೇ ಮಾತು ಹೇಳಿದಾಗ ಸಿಟ್ಟು ಬಂದಿತ್ತು. ಇವಳು ಹೇಳಿದಾಗ ಹೆದರಿಕೆಯಾಯಿತು. ಮೂವತ್ತಮೂರು ವರ್ಷ ಒಂದು ಹಾಸಿಗೆಯ ಎರಡು ಬದಿಯಲ್ಲಿ ಕೂತು ನಿಂತು ಬದುಕಿದ್ದೇವೆ, ಇವಳಿಗೆ ನಾನು ಬೇಕಿತ್ತೋ ಬೇಡವಾಗಿತ್ತೋ ನನಗೆ ಗೊತ್ತಿಲ್ಲ ಎಂದು ಅವನಿಗೆ ಅವತ್ತು ಗೊತ್ತಾಯಿತು. ಇವಳ ಮಂಡಿ ಯಾವಾಗಿನಿಂದ ನೋಯುತ್ತಿದೆ ಎಂದು ಕೂಡ ಗೊತ್ತಿಲ್ಲ. ಕೇಳಿದ. ಎಂಟು ವರ್ಷದಿಂದ ಅಂದಳು.

ಭಾನುವಾರ ಎಲ್ಲರೂ ಸೇರಿದರು. ಮಗಳು ಕುರ್ಚಿ ಎಳೆದುಕೊಂಡು ಕೂತಳು. ಫೋಮಿನವನು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಾಗಿಲ ಬಳಿಯೇ ನಿಂತ, ಓಡಬೇಕಾಗಿ ಬಂದರೆ ಇರಲಿ ಎಂದು. ಅಕ್ಕ ಈ ಸಲ ಫೋನನ್ನು ಮೊದಲೇ ಕೈಯಲ್ಲಿ ಹಿಡಿದಿದ್ದಳು. ದಬ್ಬಳಪ್ಪ ಕೈಯಲ್ಲಿ ದಬ್ಬಳ ಹಿಡಿದು ಚೌಕಟ್ಟಿಗೆ ಒರಗಿ ನಿಂತ.

ಕಾರಣ ಸಿಗಲಿಲ್ಲ ಎಂದು ಅವನು ನೇರವಾಗಿ ಹೇಳಿಬಿಟ್ಟ. ಊರೆಲ್ಲ ಕೇಳಿದೆ, ಸಿಕ್ಕಿದ್ದಕ್ಕೆಲ್ಲ ಮಗಳು ಬ್ರಷ್ಷು, ಮೆಷಿನ್ನು ತೋರಿಸಿದಳು, ತಾನು ಸೋತೆ ಎಂದ. ಅಕ್ಕ ಹಣೆ ಚಚ್ಚಿಕೊಂಡಳು. ಫೋಮಿನವನು ಒಂದು ಹೆಜ್ಜೆ ಹಿಂದೆ ಸರಿದ. ದಬ್ಬಳಪ್ಪ ಇನ್ನೂ ಮುಗಿದಿಲ್ಲ ಎಂಬಂತೆ ಕೈಯೆತ್ತಿ, ಹುಡುಕುವಾಗ ಕಾರಣದ ಬದಲು ನನ್ನದೊಂದು ತಪ್ಪು ಸಿಕ್ಕಿತು, ಅದನ್ನು ಮೊದಲು ಸರಿಮಾಡಿಕೊಳ್ಳಬೇಕು ಎಂದು ಹೆಂಡತಿಯ ಕಡೆ ತಿರುಗಿದ. ಅವನ ಉದ್ದ ಮೈ ಒಂದು ಗೇಣು ಕುಗ್ಗಿದಂತಿತ್ತು.

"ನನ್ನ ಮದುವೆ ಆಗ್ತೀಯಾ?"

ಅಕ್ಕ ಕಿಸಕ್ಕನೆ ನಕ್ಕಳು. ಜೊತೆಗೆ ಯಾರೂ ನಗಲಿಲ್ಲ, ಆ ನಗು ಅರ್ಧಕ್ಕೆ ನಿಂತಿತು. ಹೆಂಡತಿ ಗಂಡನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು, ಮೊದಲ ಸಲ ನೋಡುವವಳ ಹಾಗೆ. ಅವನ ಹಣೆ ಬೆವರಿತ್ತು. ಮಗಳು ಅದನ್ನು ಗಮನಿಸಿದಳು. ಅಪ್ಪ ತಮಾಷೆ ಮಾಡುತ್ತಿಲ್ಲ, ಅವನಿಗೆ ಉತ್ತರ ಗೊತ್ತಿಲ್ಲ, ಅವನು ನಿಜವಾಗಿ ಹೆದರಿದ್ದಾನೆ.

"ಬೇಡ ಅಂದ್ರೆ?" ಎಂದಳು ಹೆಂಡತಿ.

ಅವನು ಯೋಚಿಸಿದ. "ಬೇಡ ಅಂದ್ರೆ ನಾಳೆ ಕೇಳ್ತೀನಿ."

"ನಾಳೇನೂ ಬೇಡ ಅಂದ್ರೆ?"

"ನಾಡಿದ್ದು ಕೇಳ್ತೀನಿ. ಮೂವತ್ತಮೂರು ವರ್ಷದ್ದು ಉಳ್ಕೊಂಡಿದೆ, ದಿನಕ್ಕೊಂದ್ಸಲ ಕೇಳಿದ್ರೂ ಸಾಲಲ್ಲ."

ಅವಳು ಎದ್ದಳು. ಕುಂಟುತ್ತ ಚೌಕಟ್ಟಿನ ಹತ್ತಿರ ಬಂದು, ಅವನ ಕೈಯಲ್ಲಿದ್ದ ದಬ್ಬಳವನ್ನು ತೆಗೆದುಕೊಂಡಳು. "ಆಗ್ತೀನಿ" ಎಂದಳು. ಬಾಯಿ ತುಂಬ, ಮೂರಕ್ಷರವೂ ಕೇಳಿಸುವಂತೆ. "ಆದ್ರೆ ಇನ್ಮೇಲೆ ಕೆಳಗೆ ನೀವು ಕೂತ್ಕೋಬೇಕು."

ದಬ್ಬಳಪ್ಪ ಎಲ್ಲರೆದುರು ಅತ್ತುಬಿಟ್ಟ. ಧೂಳು ಗೀಳು ಎಂದು ಸುಳ್ಳು ಹೇಳಲಿಲ್ಲ. ಆ ಉದ್ದ ಮೈಯನ್ನು ಮೂರು ಮಡಿಕೆ ಮಾಡಿ ಚೌಕಟ್ಟಿನ ಕೆಳಗೆ ತೂರುವಾಗ ತಲೆಗೆ ಎರಡು ಸಲ ಬಡಿಸಿಕೊಂಡು, ಇದರೊಳಗೆ ಹೇಗೆ ಇಷ್ಟು ವರ್ಷ ಕೂತಿದ್ದೆ ಮಾರಾಯ್ತಿ ಎಂದು ಅಲ್ಲಿಂದಲೇ ಕೇಳಿದ.

ಈಗ ಎಲ್ಲರ ಕಣ್ಣು ಮಗಳ ಮೇಲೆ. ಅಪ್ಪ ಪಂದ್ಯ ಸೋತಿದ್ದ, ಅವಳು ಎದ್ದು ಹೋಗಬಹುದಿತ್ತು. ಹೋಗಲಿಲ್ಲ. ಫೋಮಿನವನನ್ನು ಕರೆದು ಎದುರಿಗೆ ಕೂರಿಸಿಕೊಂಡು, ಕೇಳಬೇಕಾದದ್ದನ್ನು ಈಗ ಕೇಳಿ ಅಂದಳು. ಮುಖ ಕಂಡ ಕೂಡಲೇ ಅವನ ನಾಲಿಗೆ ಕಟ್ಟಿತು. ಎರಡು ಸಲ ತೊದಲಿ ಮೂರನೆಯ ಸಲಕ್ಕೆ ಕೇಳಿ ಮುಗಿಸಿದ.

"ಇವತ್ತು ಬೇಡ" ಎಂದಳು. ಅವನ ಮುಖ ಬಾಡುವುದನ್ನು ನೋಡಿ ಸೇರಿಸಿದಳು: "ನಾಳೆ ಕೇಳಿ."

ಸೋಮವಾರ ಅವಳು ಕೆಲಸಕ್ಕೆ ಹೋಗುವ ಹೊತ್ತಿಗೆ ಅವನು ತನ್ನ ಅಂಗಡಿಯ ಮೆಟ್ಟಿಲಿಳಿದು ನಿಂತು ಕೇಳಿದ. ಬೇಡ ಎಂದು ಮುಂದೆ ಹೋದಳು. ಮಂಗಳವಾರ ಕೇಳಿದ, ಬೇಡ. ಹೀಗೆ ಹನ್ನೊಂದು ದಿನ ನಡೆಯಿತು. ಬೀದಿಯವರು ಆ ಹೊತ್ತಿಗೆ ಸರಿಯಾಗಿ ಹೊರಗೆ ಬಂದು ನಿಲ್ಲುವ ರೂಢಿ ಮಾಡಿಕೊಂಡರು. ಅಕ್ಕನಿಗೆ ಮಾತ್ರ ಬಿ.ಪಿ. ಏರಿತು, ಹದಿನಾಲ್ಕು ಮದುವೆ ಕುದುರಿಸಿದವಳು ಇಂಥ ಚೌಕಾಸಿ ಕಂಡಿರಲಿಲ್ಲ. ಹನ್ನೆರಡನೆಯ ದಿನ ಫೋಮಿನ ಅಂಗಡಿಯ ಬಾಗಿಲು ತೆರೆಯಲಿಲ್ಲ. ಮಗಳು ಅದರ ಮುಂದೆ ಹಾದುಹೋಗಿ, ಮೂಲೆಯಲ್ಲಿ ನಿಂತು, ಹಿಂದೆ ತಿರುಗಿ ನೋಡಿ, ಮತ್ತೆ ನಡೆದಳು. ಆ ದಿನ ಅವಳ ಹತ್ತಿರ ಕಲಿತ ಎಂಟೂ ಜನ ಬೈಗುಳ ತಿಂದರು.

ಮರುದಿನ ಬೆಳಿಗ್ಗೆ ಬಾಗಿಲು ಅರ್ಧ ತೆರೆದಿತ್ತು. ಫೋಮಿನವನಿಗೆ ಜ್ವರವೆಂದು ತಿಳಿದು ದಬ್ಬಳಪ್ಪ ಹೊಸದಾಗಿ ಹೊಲಿದ ಹತ್ತಿಯ ದಿಂಬು ತಂದಿದ್ದ. ಕೊಟ್ಟು ಬರುವವನು, ದಣಿವಾಯಿತೆಂದು ಮೂಲೆಯಲ್ಲಿದ್ದ ದಪ್ಪ ಫೋಮಿನ ಮೇಲೆ ಕೂತ. ಸೊಂಟದವರೆಗೆ ಹೂತುಹೋದ. ಏಳಲು ಕೈಯೂರಿದರೆ ಕೈಯೂ ಒಳಗೆ ಹೋಯಿತು. ಹೀಗೆ ಒದ್ದಾಡುತ್ತಿರುವಾಗ ಮಗಳು ಒಳಗೆ ನುಗ್ಗಿದಳು. ಜೋಡಿಸಿಟ್ಟ ಹಾಸಿಗೆಗಳ ಮರೆಯಲ್ಲಿದ್ದ ಅಪ್ಪ ಅವಳ ಕಣ್ಣಿಗೆ ಬೀಳಲಿಲ್ಲ, ಅವನೂ ಉಸಿರೆತ್ತಲಿಲ್ಲ.

"ನಿನ್ನೆ ಯಾಕೆ ಕೇಳಲಿಲ್ಲ?"

"ಜ್ವರ ಮೇಡಂ. ಏಳೋಕೇ ಆಗಲಿಲ್ಲ."

"ಫೋನಿರಲಿಲ್ವಾ?"

"ಫೋನಲ್ಲಿ ನಿಮ್ಮ ಮುಖ ಕಾಣಲ್ಲ. ಮುಖ ನೋಡದೆ ಕೇಳಿ ಒಂದ್ಸಲ ಕೆಟ್ಟಿದೀನಿ."

ನಿನ್ನೆಯದು ಉಳಿದಿದೆ, ಎರಡು ಸಲ ಕೇಳಿ ಎಂದಳು. ಅವನು ಶಾಲು ಸರಿಮಾಡಿಕೊಂಡು ಒಂದು ಸಲ ಕೇಳಿದ.

"ನಿನ್ನೆಯದಕ್ಕೆ ಬೇಡ."

ಇನ್ನೊಂದು ಸಲ ಕೇಳಿದ.

"ಇವತ್ತಿನದಕ್ಕೆ ಆಗ್ತೀನಿ" ಎಂದಳು. "ನಾಳೇನೂ ಕೇಳ್ಬೇಕು."

ಜ್ವರದ ಮುಖದಲ್ಲಿ ಅವನಿಗೆ ನಗಲೂ ಸರಿಯಾಗಿ ಬರಲಿಲ್ಲ. "ಮದುವೆ ಆದ್ಮೇಲೂನಾ ಮೇಡಂ?"

"ಆದ್ಮೇಲೇ ಕೇಳ್ಬೇಕಾದ್ದು" ಎಂದಳು ಮಗಳು.